ಗರಗರ ಅನ್ನೋ ಆಲ್ಬಂಗೆ ಇಷ್ಟು ಹೊಗಳಿಕೆ ಯಾಕೆ?

ಪ್ರಶ್ನೆ: ಸರ್, ಸ್ಕಿಪ್ ಸ್ಪೆನ್ಸ್ ಅವರ 'ಓರ್' ಆಲ್ಬಂ ಕೇಳಿದೆ. ದನಿ ಒಂದು ಕಡೆ, ಡ್ರಮ್ಸ್ ಇನ್ನೊಂದು ಕಡೆ. ವಿಮರ್ಶಕರು ಮಾತ್ರ ಅಮಲಿನ ಗುಂಗಿನಂಥ ಸಂಗೀತವಾದ ಸೈಕೆಡೆಲಿಕ್ ರಾಕ್‌ನಲ್ಲಿ ಇದು ದೊಡ್ಡದು ಅಂತಾರೆ. ನನ್ನ ಕಿವಿ ಸರಿ ಇಲ್ವಾ, ಇಲ್ಲಾ ಅವರು ಸುಮ್ನೆ ಹೊಗಳ್ತಾರಾ? (ಓದುಗರು, ರಾಯಚೂರು)

ನಿಮ್ಮ ಕಿವಿಗೆ ಏನೂ ಆಗಿಲ್ಲ, ಆ ಆಲ್ಬಂ ಇರುವುದೇ ಹಾಗೆ. 1969ರಲ್ಲಿ ಬಂದಾಗ ಕೊಳ್ಳುವವರೇ ಇರಲಿಲ್ಲ. ಆದರೆ ಆಗಲೂ ಎಲ್ಲರೂ ಬೈದರು ಅಂತಲ್ಲ. ಅಮೆರಿಕದ ರೋಲಿಂಗ್ ಸ್ಟೋನ್ ಪತ್ರಿಕೆಯಲ್ಲಿ ವಿಮರ್ಶಕ ಗ್ರೀಲ್ ಮಾರ್ಕಸ್ ಮೆಚ್ಚಿಯೇ ಬರೆದಿದ್ದರು.

ಸ್ಪೆನ್ಸ್ ಸಾಮಾನ್ಯ ಆಸಾಮಿ ಅಲ್ಲ. ಅಮೆರಿಕದ ಜೆಫರ್ಸನ್ ಏರ್‌ಪ್ಲೇನ್ ಅನ್ನೋ ರಾಕ್ ತಂಡದ ಮೊದಲ ಆಲ್ಬಂನಲ್ಲಿ ಡ್ರಮ್ಸ್ ಬಾರಿಸಿದವರು, ಆಮೇಲೆ ಇನ್ನೊಂದು ತಂಡ ಮೋಬಿ ಗ್ರೇಪ್‌ನಲ್ಲಿ ಗಿಟಾರ್ ಹಿಡಿದವರು. 1968ರಲ್ಲಿ ಮನಸ್ಸಿನ ಆರೋಗ್ಯ ಕೆಟ್ಟು ನ್ಯೂಯಾರ್ಕಿನ ಬೆಲ್‌ವ್ಯೂ ಆಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ಇದ್ದರು. ಅದೇ ವರ್ಷ ಡಿಸೆಂಬರ್‌ನಲ್ಲಿ ನ್ಯಾಶ್‌ವಿಲ್‌ನ ಸ್ಟುಡಿಯೋಗೆ ಹೋಗಿ ಹಾಡು, ಗಿಟಾರ್, ಬಾಸ್, ಡ್ರಮ್ಸ್ ಎಲ್ಲವನ್ನೂ ಒಬ್ಬರೇ ರೆಕಾರ್ಡ್ ಮಾಡಿದರು. ಮೆಷಿನ್ ಮೂರು ಟ್ರ್ಯಾಕಿನದು, ಅಂದರೆ ದನಿಗಳನ್ನು ಬೇರೆ ಬೇರೆಯಾಗಿ ಹಿಡಿದಿಡಲು ಮೂರೇ ಸಾಲು. ಹೀಗೆ ಒಂದರ ಮೇಲೊಂದು ಸೇರಿಸುತ್ತಾ ಹೋದರೆ ಜಾಗ ಬೇಗ ಮುಗಿಯುತ್ತದೆ, ಒಂದೇ ಟ್ರ್ಯಾಕಿಗೆ ಬಿದ್ದ ಎರಡು ವಾದ್ಯಗಳನ್ನು ಆಮೇಲೆ ಬಿಡಿಸಿ ಒಂದನ್ನು ಜೋರು, ಇನ್ನೊಂದನ್ನು ಮೆಲ್ಲಗೆ ಮಾಡಲು ಆಗುವುದಿಲ್ಲ. ಎದುರಿಗೆ ಕೂತು ತಾಳ ಹಿಡಿಯುವವರೂ ಇಲ್ಲ. ನಿಮಗೆ ಕೇಳಿದ ಗೊಂದಲದಲ್ಲಿ ಇದರ ಪಾಲು ಜಾಸ್ತಿ.

ವಿಮರ್ಶಕರು ಮೆಚ್ಚುವುದು ಆ ಗರಗರವನ್ನಲ್ಲ. ನಿಮ್ಮ ಕಡೆ ರಾತ್ರಿ ಭಜನೆಯಲ್ಲಿ ಯಾರೋ ಫೋನಿನಲ್ಲಿ ಹಿಡಿದ ತತ್ವಪದ ಕೇಳಿದ್ದೀರಲ್ವಾ? ಏಕತಾರಿಗಿಂತ ಪಕ್ಕದವರ ಕೆಮ್ಮೇ ಜೋರಾಗಿರುತ್ತದೆ. ಹಾಡುವವರ ದನಿ ಒಡೆದರೂ ಯಾರೂ ಬಂದ್ ಮಾಡುವುದಿಲ್ಲ, ಪದ ಕೂರಿಸಿಬಿಡುತ್ತದೆ. 'ಓರ್' ಮೆಚ್ಚುವವರಿಗೂ ಬೇಕಾಗಿರುವುದು ಅದೇ: ತಿದ್ದಿ ನುಣುಪು ಮಾಡುವ ಮೊದಲಿನ ಹಾಡು.

ಆದರೂ ನಿಮ್ಮ ಅನುಮಾನದಲ್ಲಿ ಅರ್ಧ ಸತ್ಯ ಇದೆ. ಆಸ್ಪತ್ರೆಯಿಂದ ಬಿಟ್ಟ ಕೂಡಲೇ ಪೈಜಾಮಾದಲ್ಲೇ ಬೈಕ್ ಹತ್ತಿ ನ್ಯಾಶ್‌ವಿಲ್‌ಗೆ ಹೊರಟರು ಅನ್ನುವ ಕಥೆ ಎಷ್ಟೋ ಬರಹಗಳಲ್ಲಿ ಬರುತ್ತದೆ, ಅದನ್ನು ಓದಿದ ಮೇಲೆ ಹಾಡಿಗಿಂತ ಮೊದಲು ಕಥೆಗೇ ಮಾರ್ಕ್ಸ್ ಬೀಳುತ್ತದೆ. ಒಬ್ಬರ ಕಾಯಿಲೆಯನ್ನು ಆಲ್ಬಂನ ಜಾಹೀರಾತು ಮಾಡುವುದು ನನಗಂತೂ ಸರಿ ಕಾಣುವುದಿಲ್ಲ.

ಕಥೆ ಪಕ್ಕಕ್ಕಿಟ್ಟರೂ ಹಾಡು ನಿಲ್ಲುತ್ತದಾ? 1999ರಲ್ಲಿ, ಸ್ಪೆನ್ಸ್ ತೀರಿಕೊಂಡ ವರ್ಷವೇ, 'ಮೋರ್ ಓರ್' ಅಂತ ಒಂದು ಆಲ್ಬಂ ಬಂತು. ಇವರ ಹಾಡುಗಳನ್ನು ರಾಬರ್ಟ್ ಪ್ಲಾಂಟ್, ಟಾಮ್ ವೇಟ್ಸ್, ಬೆಕ್ ಮೊದಲಾದ ಹೆಸರಾಂತ ಗಾಯಕರು ತಮ್ಮ ರೀತಿಯಲ್ಲಿ ಹಾಡಿದ್ದಾರೆ. ಬೆಕ್ ಅಷ್ಟಕ್ಕೇ ಬಿಡದೆ 2009ರಲ್ಲಿ ಗೆಳೆಯರನ್ನು ಸೇರಿಸಿಕೊಂಡು ಇಡೀ ಆಲ್ಬಂ ಮತ್ತೆ ನುಡಿಸಿದರು. ಬೇರೆ ದನಿ, ಬೇರೆ ಸ್ಟುಡಿಯೋ, ಆದರೂ ಹಾಡು ನಿಂತಿತು. ಯಾವ ಸ್ಟಾರ್ ರೇಟಿಂಗಿಗಿಂತ ನನಗೆ ಇದೇ ಗಟ್ಟಿ ಸಾಕ್ಷಿ.

ಇನ್ನೊಮ್ಮೆ ಕೇಳುವುದಾದರೆ ಕೊನೆಯ 'ಗ್ರೇ/ಆಫ್ರೋ' ಸದ್ಯಕ್ಕೆ ಬಿಡಿ, ಅದು ಒಂಬತ್ತು ನಿಮಿಷಕ್ಕೂ ಜಾಸ್ತಿ ಇದೆ, ನನಗೂ ತಾಳ್ಮೆ ಸಾಲುವುದಿಲ್ಲ. ಮೊದಲನೆಯ 'ಲಿಟಲ್ ಹ್ಯಾಂಡ್ಸ್' ಹೆಡ್‌ಫೋನ್ ಹಾಕಿ ಕೇಳಿ. ಅದೂ ಹಿಡಿಸದಿದ್ದರೆ ಬಿಟ್ಟುಬಿಡಿ.