ಹೆಸರು ಸಿಕ್ಕಿತೆಂದರೆ ಸಂಪರ್ಕ ಸಿಕ್ಕಿತೆಂದಲ್ಲ

ಕಳೆದ ಸೆಮಿಸ್ಟರಿನಲ್ಲಿ ದಾವಣಗೆರೆಯ ನಾಲ್ವರು ಎಂಜಿನಿಯರಿಂಗ್ ವಿದ್ಯಾರ್ಥಿಗಳು ತಮ್ಮ ಪ್ರಾಜೆಕ್ಟ್ ತೋರಿಸಲು ನನ್ನ ಬಳಿ ಬಂದಿದ್ದರು. ಭದ್ರಾ ನಾಲೆಯ ನೀರು ತೂಬಿನಿಂದ ತೂಬಿಗೆ ಹರಿದು ಕೊನೆಯ ಭಾಗದ ಗದ್ದೆಗಳನ್ನು ಎಷ್ಟು ಹೊತ್ತಿಗೆ ಮುಟ್ಟುತ್ತದೆ ಎಂದು ಲೆಕ್ಕ ಹಾಕುವುದು ಒಂದು ಪ್ರೋಗ್ರಾಂ. ಆ ಲೆಕ್ಕವನ್ನು ಆಗಿಂದಾಗ್ಗೆ ತರಿಸಿಕೊಂಡು ಪರದೆಯ ಮೇಲೆ ಚಿತ್ರವಾಗಿ ತೋರಿಸುವುದು ಇನ್ನೊಂದು. ಎರಡನ್ನೂ ಸಿ ಭಾಷೆಯಲ್ಲಿ, ಪ್ರೋಗ್ರಾಂಗಳ ನಡುವೆ ಸಂದೇಶ ಕಳಿಸುವ ಮಾನಕವಾದ ಎಂಪಿಐ ಬಳಸಿ ಬರೆದಿದ್ದರು. ‘ಸರ್, ನಿನ್ನೆ ರಾತ್ರಿ ಓಡ್ತಿತ್ತು, ಈಗ ಕನೆಕ್ಟೇ ಆಗ್ತಿಲ್ಲ’ ಎಂಬುದು ಅವರ ಅಳಲು.

ಪ್ರತ್ಯೇಕವಾಗಿ ಆರಂಭವಾದ ಎರಡು ಪ್ರೋಗ್ರಾಂಗಳು ಪರಸ್ಪರ ಮಾತಾಡುವ ವ್ಯವಸ್ಥೆ 1997ರ ಎಂಪಿಐ-2 ಮಾನಕದಿಂದಲೇ ಇದೆ. ಸರ್ವರ್ ಆಗುವ ಪ್ರೋಗ್ರಾಂ ಎಂಪಿಐ_ಓಪನ್_ಪೋರ್ಟ್ ಕರೆದರೆ ವ್ಯವಸ್ಥೆಯು ಅದಕ್ಕೊಂದು ವಿಳಾಸದ ಸಾಲನ್ನು ಕೊಡುತ್ತದೆ. ಎಂಪಿಐ ಮಾನಕವನ್ನು ನಿಜ ತಂತ್ರಾಂಶವಾಗಿಸಿದ ಅಳವಡಿಕೆಗಳಲ್ಲಿ ಒಂದಾದ ಎಂಪಿಐಸಿಎಚ್‌ನಲ್ಲಿ ಈ ಸಾಲಿನೊಳಗೆ ಹ್ಯಾಷ್ ಮತ್ತು ಡಾಲರ್ ಚಿಹ್ನೆಗಳು ಇರುತ್ತವೆ. ಈ ಹುಡುಗರು ಅದನ್ನು ಒಂದು ಟರ್ಮಿನಲ್‌ನಿಂದ ನಕಲು ಮಾಡಿ, ಜೋಡಿ ಉದ್ಧರಣ ಚಿಹ್ನೆಯೊಳಗೆ ಇನ್ನೊಂದಕ್ಕೆ ಅಂಟಿಸಿದ್ದರು. ಡಾಲರ್ ಚಿಹ್ನೆಯ ಮುಂದಿನ ಪದವನ್ನು ಶೆಲ್ (ಟರ್ಮಿನಲ್ಲಿನ ಆಜ್ಞೆಗಳನ್ನು ಓದುವ ಪ್ರೋಗ್ರಾಂ) ತನ್ನ ಚರವೆಂದು ಭಾವಿಸಿ ಖಾಲಿ ಮಾಡಿಬಿಟ್ಟಿದ್ದರಿಂದ, ಪ್ರೋಗ್ರಾಂಗೆ ತಲುಪಿದ್ದು ಅರ್ಧ ವಿಳಾಸ. ಹಿಂದಿನ ರಾತ್ರಿ ಒಂಟಿ ಉದ್ಧರಣ ಚಿಹ್ನೆ ಹಾಕಿದ್ದರಂತೆ, ಹಾಗಾಗಿ ಓಡಿತ್ತು.

ಹೆಸರು ಹೇಳಿದರೆ ವಿಳಾಸ ಕೊಡುವ ನೇಮ್ ಸರ್ವರ್ ಬೇಕಾಗುವುದು ಇಲ್ಲಿಯೇ. ಸರ್ವರ್ ತನ್ನ ವಿಳಾಸವನ್ನು ಎಂಪಿಐ_ಪಬ್ಲಿಷ್_ನೇಮ್ ಮೂಲಕ ‘ನಾಲೆ_ಹರಿವು’ ಎಂಬಂಥ ನೆನಪಿನಲ್ಲಿ ಉಳಿಯುವ ಹೆಸರಿನಲ್ಲಿ ದಾಖಲಿಸುತ್ತದೆ; ಅದನ್ನು ಸಂಪರ್ಕಿಸಬೇಕಾದ ಪ್ರೋಗ್ರಾಂ, ಅಂದರೆ ಕ್ಲೈಂಟ್, ಅದೇ ಹೆಸರನ್ನು ಎಂಪಿಐ_ಲುಕಪ್_ನೇಮ್‌ಗೆ ಕೊಟ್ಟು ವಿಳಾಸವನ್ನು ಪಡೆಯುತ್ತದೆ. ಎಪಿಎಂಸಿ ಯಾರ್ಡಿಗೆ ಮೆಕ್ಕೆಜೋಳ ತಂದ ರೈತ ಮಂಡಿಯ ಹೆಸರು ಹೇಳಿ ಅಂಗಡಿಯ ನಂಬರು ಕೇಳಿಕೊಂಡಂತೆ ಇದು. ನಂಬರು ಸಿಕ್ಕರೂ ಬಾಗಿಲು ತೆರೆದಿದೆಯೋ ಇಲ್ಲವೋ ಎಂಬುದು ಹೋಗಿ ನೋಡಿದಾಗಲೇ ಗೊತ್ತಾಗುವುದು. ಕ್ಲೈಂಟಿನಲ್ಲಿ ಹಲವು ಪ್ರಕ್ರಿಯೆಗಳಿದ್ದರೂ ಹುಡುಕಾಟವನ್ನು ಒಂದೇ ಪ್ರಕ್ರಿಯೆ ಮಾಡಿದರೆ ಸಾಕು. ಎಂಪಿಐ_ಕಾಮ್_ಕನೆಕ್ಟ್ ಅನ್ನು ಎಲ್ಲರೂ ಸೇರಿ ಕರೆಯಬೇಕಾದರೂ, ಅದರಲ್ಲಿ ವಿಳಾಸದ ಸಾಲಿಗೆ ಬೆಲೆ ಇರುವುದು ಮುಂದಾಳಾಗಿ ಗೊತ್ತುಮಾಡಿದ ರೂಟ್ ಪ್ರಕ್ರಿಯೆಯಲ್ಲಿ ಮಾತ್ರ. ವಿಳಾಸವನ್ನು ಇಟ್ಟುಕೊಳ್ಳುವ ಜಾಗದ ಅಳತೆಯನ್ನು ಊಹಿಸಿ 64 ಎಂದೋ 100 ಎಂದೋ ಬರೆಯದೆ, ಎಂಪಿಐ_ಮ್ಯಾಕ್ಸ್_ಪೋರ್ಟ್_ನೇಮ್ ಎಂಬ ಸ್ಥಿರಾಂಕವನ್ನೇ ಬಳಸಬೇಕು.

ನಾನು ಹೆಚ್ಚು ಹೊತ್ತು ಕೂತು ವಿವರಿಸಿದ್ದು ಹೆಸರು ಸಿಗದಿದ್ದಾಗ ಏನಾಗುತ್ತದೆ ಎಂಬುದನ್ನು. ಸರ್ವರ್ ಇನ್ನೂ ಆರಂಭವಾಗಿಲ್ಲದಿರುವುದು ದಿನನಿತ್ಯದ ಸಂಗತಿ, ತಪ್ಪೇನಲ್ಲ. ಆದರೆ ಎಂಪಿಐನ ಮೂಲ ಏರ್ಪಾಡಿನಲ್ಲಿ ಇಂಥ ದೋಷ ಬಂದರೆ ಇಡೀ ಪ್ರೋಗ್ರಾಂ ನಿಂತುಹೋಗುತ್ತದೆ. ಮರಳಿ ಬಂದ ಬೆಲೆಯನ್ನು ನೀವು ಎಷ್ಟೇ ಎಚ್ಚರದಿಂದ ಪರೀಕ್ಷಿಸುವಂತೆ ಬರೆದಿದ್ದರೂ ಆ ಸಾಲಿನವರೆಗೆ ಪ್ರೋಗ್ರಾಂ ಬರುವುದೇ ಇಲ್ಲ. ಆದ್ದರಿಂದ ಹುಡುಕುವ ಮೊದಲೇ ದೋಷ ನಿರ್ವಾಹಕವನ್ನು (ದೋಷ ಬಂದಾಗ ಏನು ಮಾಡಬೇಕೆಂದು ಹೇಳುವ ಏರ್ಪಾಡನ್ನು), ಪ್ರೋಗ್ರಾಂ ನಿಲ್ಲಿಸದೆ ದೋಷಸಂಖ್ಯೆಯನ್ನು ಮರಳಿಸುವ ಎಂಪಿಐ_ಎರರ್ಸ್_ರಿಟರ್ನ್‌ಗೆ ಬದಲಿಸಬೇಕು. ಇದರಲ್ಲೂ ಒಂದು ಸೂಕ್ಷ್ಮವಿದೆ: ಲುಕಪ್ ಯಾವ ಕಮ್ಯುನಿಕೇಟರಿಗೂ (ಪರಸ್ಪರ ಮಾತಾಡುವ ಪ್ರಕ್ರಿಯೆಗಳ ಗುಂಪಿಗೂ) ಸೇರಿದ ಕರೆಯಲ್ಲ, ಅಂಥ ಕರೆಗಳ ದೋಷ ಹಳೆಯ ಮಾನಕಗಳಲ್ಲಿ ಎಲ್ಲ ಪ್ರಕ್ರಿಯೆಗಳ ಗುಂಪಾದ ಎಂಪಿಐ_ಕಾಮ್_ವರ್ಲ್ಡ್ ಮೇಲೂ 2021ರ ಎಂಪಿಐ-4.0ರಿಂದ ಆ ಪ್ರಕ್ರಿಯೆಯೊಂದೇ ಇರುವ ಎಂಪಿಐ_ಕಾಮ್_ಸೆಲ್ಫ್ ಮೇಲೂ ಏಳುತ್ತದೆ. ಎರಡಕ್ಕೂ ನಿರ್ವಾಹಕ ಹೊಂದಿಸುವುದೇ ಕ್ಷೇಮ. ಬಂದ ದೋಷಸಂಖ್ಯೆಯನ್ನು ನೇರವಾಗಿ, ಹೆಸರು ಸಿಗಲಿಲ್ಲ ಎಂಬ ದೋಷವರ್ಗವಾದ ಎಂಪಿಐ_ಎರ್_ನೇಮ್‌ಗೆ ಹೋಲಿಸುವುದೂ ಸರಿಯಲ್ಲ. ಮೊದಲು ಎಂಪಿಐ_ಎರರ್_ಕ್ಲಾಸ್ ಮೂಲಕ ಅದರ ವರ್ಗವನ್ನು ತಿಳಿದು, ಬಳಿಕ ಹೋಲಿಸಬೇಕು. ವರ್ಗ ಅದೇ ಆಗಿದ್ದರೆ ಒಂದು ಸೆಕೆಂಡು ಕಾದು ಮತ್ತೆ ಕೇಳಿ, ಮೂವತ್ತು ಸಲಕ್ಕೂ ಸಿಗದಿದ್ದರೆ ಬಳಕೆದಾರರಿಗೆ ಅರ್ಥವಾಗುವ ಮಾತಿನಲ್ಲಿ ತಿಳಿಸಿ. ಬೇರೆ ವರ್ಗವಾಗಿದ್ದರೆ ಕಾಯುವುದರಲ್ಲಿ ಅರ್ಥವಿಲ್ಲ.

ಸರ್ವರ್ ಹೆಸರನ್ನು ದಾಖಲಿಸಿದ್ದರೂ ಕ್ಲೈಂಟಿಗೆ ಸಿಗದಿರುವುದುಂಟು. ಹೆಸರು ಎಲ್ಲಿಯವರೆಗೆ ಕಾಣಿಸುತ್ತದೆ ಎಂಬುದನ್ನು ಮಾನಕವು ಆಯಾ ಅಳವಡಿಕೆಗೇ ಬಿಟ್ಟಿದೆ. ಎಂಪಿಐಸಿಎಚ್‌ನಲ್ಲಿ ಹೈಡ್ರಾ ನೇಮ್‌ಸರ್ವರನ್ನು ಮೊದಲೇ ಚಾಲೂ ಮಾಡಿ, ಪ್ರೋಗ್ರಾಂಗಳನ್ನು ಆರಂಭಿಸುವ ಎರಡೂ ಎಂಪಿಐಎಕ್ಸೆಕ್ ಆಜ್ಞೆಗಳಲ್ಲಿ ಅದಿರುವ ಯಂತ್ರದ ಹೆಸರನ್ನು ಕೊಡಬೇಕು. ಒಂದರಲ್ಲಿ ಮರೆತರೂ ಎರಡೂ ಪ್ರೋಗ್ರಾಂಗಳು ಬೇರೆ ಬೇರೆ ಊರಿನಲ್ಲಿದ್ದಂತೆ.

ಸರ್ವರ್ ಮುಗಿಸುವಾಗಿನ ಕ್ರಮವೂ ಮುಖ್ಯ: ಮೊದಲು ಎಂಪಿಐ_ಅನ್‌ಪಬ್ಲಿಷ್_ನೇಮ್, ಅನಂತರ ಎಂಪಿಐ_ಕ್ಲೋಸ್_ಪೋರ್ಟ್. ಸರ್ವರ್ ನಡುವೆಯೇ ಸತ್ತರೆ ದಾಖಲೆ ಹಾಗೆಯೇ ಉಳಿದು, ಮುಂದಿನ ಕ್ಲೈಂಟಿಗೆ ಹಳೆಯ ವಿಳಾಸ ಸಿಗಬಹುದು. ಆಗ ಹುಡುಕಾಟ ಯಶಸ್ವಿ, ಕನೆಕ್ಟ್ ವಿಫಲ. ಆದ್ದರಿಂದ ಕನೆಕ್ಟ್ ತಪ್ಪಿದರೆ ಅದೇ ವಿಳಾಸವನ್ನು ಹಿಡಿದುಕೊಂಡು ಕೂರದೆ, ಹೆಸರಿನಿಂದಲೇ ಮತ್ತೆ ಹುಡುಕುವಂತೆ ಕ್ಲೈಂಟನ್ನು ಬರೆಯಬೇಕು.

ಹುಡುಗರು ಇಷ್ಟನ್ನೂ ಅಳವಡಿಸಿ ಮುಂದಿನ ವಾರ ಮತ್ತೆ ಬಂದರು. ಈ ಸಲ ಚಿತ್ರ ತೋರಿಸುವ ಪ್ರೋಗ್ರಾಂ ಅನ್ನು ಬೇಕೆಂದೇ ಮೊದಲು ಆರಂಭಿಸಿದರು. ‘ನಾಲೆ_ಹರಿವು ಇನ್ನೂ ಸಿಕ್ಕಿಲ್ಲ, ಕಾಯುತ್ತಿದ್ದೇನೆ’ ಎಂಬ ಸಾಲು ಪರದೆಯ ಮೇಲೆ ಏಳು ಸಲ ಮೂಡಿತು. ಎಂಟನೆಯ ಸಲಕ್ಕೆ ನಾಲೆಯ ನೀಲಿ ಗೆರೆ ಕಾಣಿಸಿತು.