ಆಲೂಗಡ್ಡೆ ತುಂಡು, ರಕ್ತದ ಹನಿ: ಅಭಿಸರಣೆಯನ್ನು ಪ್ರಯೋಗಾಲಯದಲ್ಲಿ ಕಲಿಯುವ ಬಗೆ

ಬಿಎಸ್ಸಿ ಮೊದಲ ವರ್ಷದ ವಿದ್ಯಾರ್ಥಿಗಳಿಗೆ ಒಂದು ಪ್ರಶ್ನೆ ಕೇಳಿ ನೋಡಿ. ಶುದ್ಧ ನೀರಿನಲ್ಲಿ ನೆನೆಹಾಕಿದ ಆಲೂಗಡ್ಡೆಯ ಕೋಶದೊಳಗೆ ಸಕ್ಕರೆ, ಲವಣಗಳಿವೆ, ಹೊರಗೆ ಬರೀ ನೀರು. ಆದರೂ ಒಂದು ಹಂತಕ್ಕೆ ಬಂದಮೇಲೆ ನೀರು ಒಳಗೆ ಹೋಗುವುದು ನಿಲ್ಲುತ್ತದೆ. ಯಾಕೆ? 'ಒಳಗೂ ಹೊರಗೂ ಸಾಂದ್ರತೆ ಸಮವಾಯಿತು' ಎಂಬ ಉತ್ತರವೇ ಹೆಚ್ಚಾಗಿ ಬರುತ್ತದೆ. ಅದು ತಪ್ಪು. ಸಾಂದ್ರತೆ ಸಮವಾಗಿಲ್ಲ, ಆಗುವುದೂ ಇಲ್ಲ. ಕೋಶ ಉಬ್ಬಿದಂತೆ ಅದರ ಗಟ್ಟಿ ಭಿತ್ತಿ ತಿರುಗಿ ಒತ್ತುತ್ತದೆ, ಒಳಗಿನ ಒತ್ತಡ ಏರುತ್ತದೆ. ನೀರನ್ನು ನಿಲ್ಲಿಸುವುದು ಆ ಒತ್ತಡ.

ಅಭಿಸರಣೆಯನ್ನು (ಆಸ್ಮೋಸಿಸ್, ಅಂದರೆ ಪೊರೆಯ ಮೂಲಕ ನೀರು ದಾಟುವುದನ್ನು) ಬರೀ ಸಾಂದ್ರತೆಯ ಮಾತಾಗಿ ಕಲಿತವರಿಗೆ ಈ ಒತ್ತಡ ಕಾಣುವುದೇ ಇಲ್ಲ. ಎನ್‌ಸಿಇಆರ್‌ಟಿ ಹನ್ನೊಂದನೇ ತರಗತಿಯ ಜೀವಶಾಸ್ತ್ರದಿಂದ 2022ರ ಪರಿಷ್ಕರಣೆಯಲ್ಲಿ ಸಸ್ಯಗಳಲ್ಲಿನ ಸಾಗಣೆಯ ಅಧ್ಯಾಯವನ್ನು ಕೈಬಿಟ್ಟಿರುವುದರಿಂದ ಈ ಕೊರತೆ ಈಗ ಇನ್ನಷ್ಟು ದೊಡ್ಡದು. ಪದವಿ ತರಗತಿಯಲ್ಲಿ ಇದನ್ನು ಸರಿಪಡಿಸಲು ಇರುವ ಒಳ್ಳೆಯ ದಾರಿ ಎಂದರೆ ಸಸ್ಯಶಾಸ್ತ್ರದ ಆಲೂಗಡ್ಡೆ ಪ್ರಯೋಗವನ್ನೂ ಪ್ರಾಣಿಶಾಸ್ತ್ರದ ಕೆಂಪು ರಕ್ತಕಣದ ಪ್ರಯೋಗವನ್ನೂ ಒಂದೇ ವಾರದಲ್ಲಿ, ಒಂದೇ ಪಾಠವಾಗಿ ಮಾಡಿಸುವುದು. ಒಂದು ಕೋಶಕ್ಕೆ ಭಿತ್ತಿ ಇದೆ, ಇನ್ನೊಂದಕ್ಕಿಲ್ಲ. ಎರಡು ವಿಭಾಗಗಳಲ್ಲಿ, ಎರಡು ಸೆಮಿಸ್ಟರ್‌ಗಳಲ್ಲಿ ಹಂಚಿಹೋದರೆ ಈ ಹೋಲಿಕೆಯೇ ಕೈತಪ್ಪುತ್ತದೆ.

ಲೆಕ್ಕಕ್ಕೆ ಬೇಕಾದದ್ದು ಇಷ್ಟು. ನೀರು ಯಾವ ಕಡೆಗೆ ಹರಿಯುತ್ತದೆ ಎಂದು ಹೇಳುವ ಅಳತೆ ಜಲವಿಭವ (ವಾಟರ್ ಪೊಟೆನ್ಷಿಯಲ್). ಸಾಮಾನ್ಯ ವಾತಾವರಣದ ಒತ್ತಡದಲ್ಲಿರುವ ಶುದ್ಧ ನೀರಿಗೆ ಅದು ಸೊನ್ನೆ. ಏನನ್ನು ಕರಗಿಸಿದರೂ ಅದು ಸೊನ್ನೆಗಿಂತ ಕೆಳಗಿಳಿಯುತ್ತದೆ, ಒತ್ತಡ ಹಾಕಿದರೆ ಮೇಲೇರುತ್ತದೆ. ಕೋಶದ ಜಲವಿಭವ ಎಂದರೆ ಈ ಎರಡರ ಮೊತ್ತ: ದ್ರಾವ್ಯ ವಿಭವ ಮತ್ತು ಒತ್ತಡ ವಿಭವ. ನೀರು ಹೆಚ್ಚಿನ ವಿಭವದಿಂದ ಕಡಿಮೆ ವಿಭವದ ಕಡೆಗೆ ಹರಿಯುತ್ತದೆ. ಹಳೆಯ ನೋಟ್ಸ್‌ಗಳಲ್ಲಿ ಬರುವ ಡಿಪಿಡಿ (ಡಿಫ್ಯೂಷನ್ ಪ್ರೆಶರ್ ಡೆಫಿಸಿಟ್) ಇದೇ ಸಂಖ್ಯೆ, ಚಿಹ್ನೆ ಮಾತ್ರ ತಿರುಗುಮುರುಗು. 27 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಅಂದರೆ 300 ಕೆಲ್ವಿನ್‌ನಲ್ಲಿ, 1 ಮೋಲಾರ್ ಸುಕ್ರೋಸ್ ದ್ರಾವಣದ ದ್ರಾವ್ಯ ವಿಭವ ಸುಮಾರು -2.49 ಮೆಗಾಪ್ಯಾಸ್ಕಲ್. ಉಳಿದ ಸಾಂದ್ರತೆಗಳಿಗೆ ಇದನ್ನೇ ಗುಣಿಸಿಕೊಳ್ಳಬಹುದು.

ಪ್ರಯೋಗ ಕೆಡುವುದು ಬಹಳ ಸಲ ದ್ರಾವಣದ ಬಾಟಲಿಯಲ್ಲೇ. 100 ಮಿಲಿ ನೀರಿಗೆ 34.2 ಗ್ರಾಂ ಸುಕ್ರೋಸ್ ಸುರಿದು 'ಒಂದು ಮೋಲಾರ್' ಎಂದು ಚೀಟಿ ಅಂಟಿಸುವುದುಂಟು. ಸಕ್ಕರೆಯೂ ಜಾಗ ಹಿಡಿಯುತ್ತದೆ. ಹಾಗೆ ಮಾಡಿದಾಗ ಒಟ್ಟು ಗಾತ್ರ ಸುಮಾರು 121 ಮಿಲಿ ಆಗಿ, ದ್ರಾವಣ 0.83 ಮೋಲಾರ್ ಅಷ್ಟೇ ಆಗಿರುತ್ತದೆ. ಸಕ್ಕರೆಯನ್ನು ಮೊದಲು 70 ಮಿಲಿ ನೀರಿನಲ್ಲಿ ಕರಗಿಸಿ, ವಾಲ್ಯೂಮೆಟ್ರಿಕ್ ಫ್ಲಾಸ್ಕ್‌ಗೆ ಸುರಿದು, ಆಮೇಲೆ 100 ಮಿಲಿ ಗುರುತಿನವರೆಗೆ ನೀರು ತುಂಬಿಸಬೇಕು. ಇದರಿಂದ 5, 10, 15, 20, 25, 30 ಮಿಲಿ ತೆಗೆದು ಪ್ರತಿಯೊಂದನ್ನೂ 50 ಮಿಲಿಗೆ ಏರಿಸಿದರೆ 0.1ರಿಂದ 0.6 ಮೋಲಾರ್‌ವರೆಗಿನ ಸರಣಿ ಸಿಗುತ್ತದೆ. ಒಟ್ಟು 105 ಮಿಲಿ ಬೇಕಾಗುವುದರಿಂದ ಮೂಲ ದ್ರಾವಣವನ್ನು 250 ಮಿಲಿ ಮಾಡಿಟ್ಟುಕೊಳ್ಳುವುದು ಒಳ್ಳೆಯದು. ಏಳನೆಯ ಬೀಕರ್‌ನಲ್ಲಿ ಡಿಸ್ಟಿಲ್ಡ್ ನೀರು. ಬೋರ್‌ವೆಲ್ ನೀರು ಬೇಡ, ಅದರಲ್ಲಿ ಲವಣ ಇರುತ್ತದೆ.

ಆಲೂಗಡ್ಡೆಯಿಂದ 8 ಮಿಮೀ ಕಾರ್ಕ್ ಬೋರರ್‌ನಲ್ಲಿ ಕಂಬ ತೆಗೆದು 4 ಸೆಂಮೀ ಉದ್ದಕ್ಕೆ ಕತ್ತರಿಸಿ. ತುದಿಯಲ್ಲಿ ಸಿಪ್ಪೆ ಉಳಿಯಬಾರದು, ಅದು ನೀರನ್ನು ಬಿಡುವುದಿಲ್ಲ. ಇಂಥ ತುಂಡು ಸುಮಾರು 2 ಗ್ರಾಂ ತೂಗುತ್ತದೆ. ಪ್ರತಿ ಬೀಕರ್‌ಗೆ ಮೂರು ತುಂಡು, ಕಾಲಾವಧಿ ಒಂದೂವರೆ ಗಂಟೆ. ರಾತ್ರಿಯಿಡೀ ಬಿಟ್ಟರೆ ಸೂಕ್ಷ್ಮಜೀವಿಗಳು ಬೆಳೆದು ಅಂಗಾಂಶ ಮೆತ್ತಗಾಗುತ್ತದೆ. 0.01 ಗ್ರಾಂ ತೋರಿಸುವ ತಕ್ಕಡಿ ಬೇಕೇ ಬೇಕು, ಅಡುಗೆಮನೆಯ ತಕ್ಕಡಿ ಸಾಲದು.

ತೂಗುವ ಮುನ್ನ ತುಂಡನ್ನು ಒರೆಸುವ ಕೆಲಸ ಚಿಕ್ಕದೆನಿಸುತ್ತದೆ, ಆದರೆ ಇಡೀ ಪ್ರಯೋಗ ಅದರ ಮೇಲೆ ನಿಂತಿದೆ. ಈ ಅಳತೆಯ ತುಂಡಿನ ಮೇಲ್ಮೈ ಸುಮಾರು 11 ಚದರ ಸೆಂಮೀ. ಅದರ ಮೇಲೆ 0.1 ಮಿಮೀ ದಪ್ಪದ ನೀರಿನ ಪದರ ಉಳಿದರೂ 0.11 ಗ್ರಾಂ ಆಯಿತು, ಅಂದರೆ ಐದು ಶೇಕಡಕ್ಕಿಂತ ಹೆಚ್ಚು. ಅಳೆಯಬೇಕಾದ ವ್ಯತ್ಯಾಸವೇ ಅಷ್ಟಿರುತ್ತದೆ. ಹಾಗಾಗಿ ಒಬ್ಬರೇ, ಒಂದೇ ರೀತಿಯಲ್ಲಿ, ಹಿಂಡದೆ, ಫಿಲ್ಟರ್ ಪೇಪರ್ ಮೇಲೆ ಎರಡು ಸಲ ಉರುಳಿಸಿ ತೂಗಬೇಕು, ಮೊದಲಿನ ತೂಕಕ್ಕೂ ಕೊನೆಯ ತೂಕಕ್ಕೂ. ಕತ್ತರಿಸಿದ ತುಂಡುಗಳನ್ನು ಫ್ಯಾನಿನ ಕೆಳಗೆ ಬಿಟ್ಟು ಬೋರ್ಡ್ ನೋಡುತ್ತ ಕೂತರೆ ಅಷ್ಟರಲ್ಲಿ ಅವು ಒಣಗಿರುತ್ತವೆ.

ತೂಕದ ಬದಲಾವಣೆಯನ್ನು ಶೇಕಡಾವಾರು ಲೆಕ್ಕ ಹಾಕಿ ಗ್ರಾಫ್ ಎಳೆಯಿರಿ. ಗೆರೆ ಸೊನ್ನೆಯನ್ನು ದಾಟುವ ಸಾಂದ್ರತೆಯೇ ಬೇಕಾದದ್ದು, ಹತ್ತಿರದ ಬೀಕರ್‌ನ ಅಂಕಿ ಅಲ್ಲ. ಆಲೂಗಡ್ಡೆಗೆ ಇದು ಸಾಮಾನ್ಯವಾಗಿ 0.3 ಮೋಲಾರ್ ಆಸುಪಾಸಿನಲ್ಲಿ ಬರುತ್ತದೆ. ಶೀತಗೃಹದಿಂದ ಬಂದ ಗಡ್ಡೆಯಾದರೆ ಪಿಷ್ಟದ ಒಂದು ಪಾಲು ಸಕ್ಕರೆಯಾಗಿರುವುದರಿಂದ ಅಂಕಿ ಇನ್ನೂ ಮೇಲೆ ಹೋಗಬಹುದು. ಎರಡು ಬ್ಯಾಚ್‌ಗಳ ಉತ್ತರ ಹೊಂದದಿದ್ದಾಗ ರೆಕಾರ್ಡ್ ತಿದ್ದುವ ಮೊದಲು ಗಡ್ಡೆ ಎಲ್ಲಿಂದ ಬಂತು ಎಂದು ವಿಚಾರಿಸಬೇಕು.

ಇನ್ನು ಮುಖ್ಯ ವಿಷಯ. ತೂಕದ ವಿಧಾನ ಕೊಡುವುದು ಅಂಗಾಂಶದ ಒಟ್ಟು ಜಲವಿಭವವನ್ನು. ತೆರೆದ ಬೀಕರ್‌ನ ದ್ರಾವಣದಲ್ಲಿ ಒತ್ತಡ ವಿಭವ ಸೊನ್ನೆ, ಆದರೆ ತುಂಡಿನ ಕೋಶಗಳೊಳಗೆ ಒತ್ತಡ ಇನ್ನೂ ಇರುತ್ತದೆ. ಪ್ಲಾಸ್ಮಾಲಿಸಿಸ್ (ಕೋಶ ನೀರು ಕಳೆದುಕೊಂಡು ಪೊರೆ ಭಿತ್ತಿಯಿಂದ ಬಿಡುವುದು) ವಿಧಾನ ಬೇರೆಯದನ್ನು ಅಳೆಯುತ್ತದೆ. ಪೊರೆ ಭಿತ್ತಿಯಿಂದ ಆಗತಾನೇ ಬಿಡಲು ಶುರುವಾದಾಗ ಒತ್ತಡ ಸೊನ್ನೆಗೆ ಇಳಿದಿರುತ್ತದೆ, ಉಳಿಯುವುದು ದ್ರಾವ್ಯ ವಿಭವ ಒಂದೇ. ಎಲ್ಲ ಕೋಶಗಳೂ ಒಟ್ಟಿಗೆ ಆ ಹಂತಕ್ಕೆ ಬರುವುದಿಲ್ಲವಾದ್ದರಿಂದ ಅರ್ಧದಷ್ಟು ಕೋಶಗಳಲ್ಲಿ ಪೊರೆ ಬಿಟ್ಟಿರುವ ಸಾಂದ್ರತೆಯನ್ನು ತೆಗೆದುಕೊಳ್ಳುತ್ತೇವೆ.

ಈ ಎರಡೂ ಅಳತೆಗಳನ್ನು ಒಂದೇ ಅಂಗಾಂಶದಲ್ಲಿ ಮಾಡಿದರೆ ಭಿತ್ತಿಯ ಒತ್ತಡ ಅಂಕಿಯಾಗಿಯೇ ಕೈಗೆ ಸಿಗುತ್ತದೆ. ಆಲೂಗಡ್ಡೆಯ ಕೋಶ ಬಣ್ಣವಿಲ್ಲದ್ದು, ಪಿಷ್ಟದ ಕಣ ತುಂಬಿದ್ದು, ಸೂಕ್ಷ್ಮದರ್ಶಕದಲ್ಲಿ ಪೊರೆ ಕಾಣದು. ಬೀಟ್‌ರೂಟ್ ತೆಗೆದುಕೊಳ್ಳಿ, ಅದರ ವ್ಯಾಕ್ಯೂಲ್‌ನಲ್ಲೇ ಬಣ್ಣವಿದೆ. ತೂಕಕ್ಕೆ ಕಂಬ, ಸ್ಲೈಡಿಗೆ ತೆಳ್ಳನೆಯ ಸೀಳು. ತೂಕ 0.40 ಮೋಲಾರ್‌ನಲ್ಲಿ ಬದಲಾಗಲಿಲ್ಲ, ಅರ್ಧ ಕೋಶಗಳಲ್ಲಿ ಪೊರೆ ಬಿಟ್ಟದ್ದು 0.55ರಲ್ಲಿ ಎಂದಿಟ್ಟುಕೊಳ್ಳೋಣ. ಜಲವಿಭವ -1.00, ದ್ರಾವ್ಯ ವಿಭವ -1.37 ಮೆಗಾಪ್ಯಾಸ್ಕಲ್. ವ್ಯತ್ಯಾಸ 0.37, ಅದೇ ಟರ್ಗರ್ ಒತ್ತಡ. ಕಾರಿನ ಟೈರಿಗೆ ತುಂಬುವ 30 ಪಿಎಸ್‌ಐ ಗಾಳಿ ಸುಮಾರು 0.2 ಮೆಗಾಪ್ಯಾಸ್ಕಲ್, ಬೀಟ್‌ರೂಟಿನ ಕೋಶ ಅದಕ್ಕಿಂತ ಹೆಚ್ಚಿನ ಒತ್ತಡದಲ್ಲಿ ನಿಂತಿದೆ. ಪ್ಲಾಸ್ಮಾಲಿಸಿಸ್ ಹಂತಕ್ಕೆ ಬರುವಷ್ಟರಲ್ಲಿ ಕೋಶ ಸ್ವಲ್ಪ ಕುಗ್ಗಿ ಒಳರಸ ಗಟ್ಟಿಯಾಗಿರುತ್ತದೆ, ಆದ್ದರಿಂದ ಈ ಲೆಕ್ಕ ಒತ್ತಡವನ್ನು ತುಸು ಹೆಚ್ಚಾಗಿಯೇ ತೋರಿಸುತ್ತದೆ. ಮೊದಲ ವರ್ಷಕ್ಕೆ ಅಷ್ಟು ಸಾಕು.

ಪ್ಲಾಸ್ಮಾಲಿಸಿಸನ್ನು ನೋಡಿ ಚಿತ್ರ ಬರೆಯಲಷ್ಟೇ ಆದರೆ ಕಾಲೇಜಿನ ತೋಟದ ಅಂಚಿನಲ್ಲಿ ಬೆಳೆಯುವ ರಿಯೋ ಎಲೆಯೇ ಸಾಕು, ಕೆಳಗಿನ ನೇರಳೆ ಹೊರಪದರ ಸುಲಭವಾಗಿ ಸುಲಿದು ಬರುತ್ತದೆ. ಅದನ್ನು ಗಟ್ಟಿ ಸಕ್ಕರೆ ದ್ರಾವಣದಲ್ಲಿ ಸ್ಲೈಡಿನ ಮೇಲಿಟ್ಟು ನೋಡಿ, ಹತ್ತು ನಿಮಿಷದ ನಂತರ ಅದೇ ಸ್ಲೈಡಿನ ಒಂದು ಬದಿಯಲ್ಲಿ ನೀರು ಹನಿಸಿ ಇನ್ನೊಂದು ಬದಿಯಿಂದ ಫಿಲ್ಟರ್ ಪೇಪರ್‌ನಲ್ಲಿ ಹೀರಿಸಿ. ಪೊರೆ ಮತ್ತೆ ಭಿತ್ತಿಗೆ ತಾಗಿದರೆ ಕೋಶ ಬದುಕಿತ್ತು ಎಂದು ಖಾತ್ರಿ. ಕುದಿಸಿದ ಎಲೆಯಲ್ಲಿ ಪ್ಲಾಸ್ಮಾಲಿಸಿಸ್ ಆಗುವುದೇ ಇಲ್ಲ. ವೈವಾದಲ್ಲಿ ತಪ್ಪದೆ ಎಡವಿಸುವ ಒಂದು ಪ್ರಶ್ನೆ: ಪೊರೆಗೂ ಭಿತ್ತಿಗೂ ನಡುವೆ ಬಿದ್ದ ಖಾಲಿ ಜಾಗದಲ್ಲಿ ಏನಿದೆ? ಗಾಳಿಯೂ ಅಲ್ಲ, ನಿರ್ವಾತವೂ ಅಲ್ಲ. ಹೊರಗಿನ ಸಕ್ಕರೆ ದ್ರಾವಣವೇ ಅಲ್ಲಿದೆ, ಭಿತ್ತಿ ಅದನ್ನು ತಡೆಯುವುದಿಲ್ಲ.

ಈಗ ರಕ್ತ. 1 ಶೇಕಡಾ ಸೋಡಿಯಂ ಕ್ಲೋರೈಡ್ ದ್ರಾವಣದಿಂದ 0.9, 0.8 ಹೀಗೆ 0.3ರವರೆಗೆ ಏಳು ಟ್ಯೂಬ್‌ಗಳಲ್ಲಿ ತಲಾ 5 ಮಿಲಿ, ಎಂಟನೆಯದರಲ್ಲಿ ಡಿಸ್ಟಿಲ್ಡ್ ನೀರು. ಪ್ರತಿಯೊಂದಕ್ಕೂ 0.02 ಮಿಲಿ ರಕ್ತ. ಟ್ಯೂಬನ್ನು ನಿಧಾನವಾಗಿ ತಲೆಕೆಳಗು ಮಾಡಿ ಬೆರೆಸಬೇಕು. ಜೋರಾಗಿ ಕುಲುಕಿದರೆ ಅದರಿಂದಲೇ ಕಣಗಳು ಒಡೆಯುತ್ತವೆ. ಅರ್ಧ ಗಂಟೆ ಬಿಟ್ಟು ಟ್ಯೂಬಿನ ಹಿಂದೆ ಅಚ್ಚಾದ ಕಾಗದ ಹಿಡಿಯಿರಿ. ಅಕ್ಷರ ಮಸುಕಾಗಿದ್ದರೆ ಕಣಗಳು ಇಡಿಯಾಗಿವೆ. ಕೆಂಪು ದ್ರಾವಣದ ಮೂಲಕ ಅಕ್ಷರ ಸ್ಪಷ್ಟವಾಗಿ ಓದಲಾದರೆ ಒಡೆದಿವೆ. ಅಂಕಿ ಬೇಕೆಂದರೆ ಸೆಂಟ್ರಿಫ್ಯೂಜ್ ಮಾಡಿ, ಮೇಲಿನ ದ್ರವವನ್ನು ಕಲರಿಮೀಟರ್‌ನಲ್ಲಿ 540 ನ್ಯಾನೋಮೀಟರ್‌ಗೆ ಓದಿ, ಡಿಸ್ಟಿಲ್ಡ್ ನೀರಿನ ಟ್ಯೂಬನ್ನು ನೂರು ಶೇಕಡಾ ಎಂದಿಟ್ಟುಕೊಳ್ಳಿ.

ಆರೋಗ್ಯವಂತ ಮನುಷ್ಯರ ರಕ್ತಕಣಗಳು 0.45ರಿಂದ 0.5 ಶೇಕಡಾದಲ್ಲಿ ಒಡೆಯಲು ಶುರುವಾಗಿ, 0.3ರ ಹೊತ್ತಿಗೆ ಹೆಚ್ಚುಕಡಿಮೆ ಎಲ್ಲವೂ ಒಡೆದಿರುತ್ತವೆ. ಭಿತ್ತಿಯೇ ಇಲ್ಲದ ಕೋಶ 0.8ರಲ್ಲೇ ಯಾಕೆ ಒಡೆಯುವುದಿಲ್ಲ? ಉತ್ತರ ಅದರ ಆಕಾರದಲ್ಲಿದೆ. ಎರಡೂ ಬದಿ ತಗ್ಗಾದ ತಟ್ಟೆಯಂಥ ಈ ಕಣದ ಗಾತ್ರ ಸುಮಾರು 90 ಫೆಮ್ಟೊಲೀಟರ್, ಪೊರೆಯ ವಿಸ್ತಾರ ಸುಮಾರು 140 ಚದರ ಮೈಕ್ರೋಮೀಟರ್. ಅಷ್ಟೇ ಪೊರೆಯಿಂದ ಪೂರ್ತಿ ಗೋಳ ಮಾಡಿದರೆ ಸುಮಾರು 155 ಫೆಮ್ಟೊಲೀಟರ್ ಹಿಡಿಯುತ್ತದೆ. ಗೋಳವಾಗುವವರೆಗೆ ಪೊರೆ ಹಿಗ್ಗಬೇಕಾಗಿಯೇ ಇಲ್ಲ. ಗೋಳವಾದ ಮೇಲೆ ಕೆಲವೇ ಶೇಕಡಾ ಹಿಗ್ಗಿದರೂ ಹರಿಯುತ್ತದೆ. ಹುಟ್ಟಿನಿಂದಲೇ ರಕ್ತಕಣಗಳು ದುಂಡಗಿರುವ ಸ್ಫೀರೋಸೈಟೋಸಿಸ್ ರೋಗಿಗಳಲ್ಲಿ ಅವು ಇನ್ನೂ ಹೆಚ್ಚು ಉಪ್ಪಿರುವ ಟ್ಯೂಬಿನಲ್ಲೇ ಒಡೆಯುವುದಕ್ಕೆ ಇದೇ ಕಾರಣ.

ಬೆರಳು ಚುಚ್ಚಿ ರಕ್ತ ತೆಗೆಯುವುದಾದರೆ ಒಬ್ಬರಿಗೆ ಒಂದು ಲ್ಯಾನ್ಸೆಟ್, ಬಳಸಿದ್ದು ನೇರ ಬಿಳಿ ಶಾರ್ಪ್ಸ್ ಡಬ್ಬಿಗೆ, ಸ್ಲೈಡು ಮತ್ತು ಟ್ಯೂಬುಗಳು 1 ಶೇಕಡಾ ಹೈಪೋಕ್ಲೋರೈಟಿನಲ್ಲಿ ಅರ್ಧ ಗಂಟೆ. ಬಾಯಿಂದ ಪಿಪೆಟ್ ಎಳೆಯುವುದು ಸಂಪೂರ್ಣ ನಿಷಿದ್ಧ. ಮಾಂಸದಂಗಡಿಯಿಂದ ರಕ್ತ ತರುವುದಾದರೆ ಒಂಬತ್ತು ಪಾಲಿಗೆ ಒಂದು ಪಾಲು 3.8 ಶೇಕಡಾ ಸೋಡಿಯಂ ಸಿಟ್ರೇಟ್ ಬೆರೆಸಿಯೇ ತರಬೇಕು. ಆದರೆ ಆಡು, ಕುರಿಯ ರಕ್ತಕಣ ಬಹಳ ಚಿಕ್ಕದು, ಬೇಗ ಒಡೆಯುವಂಥದ್ದು. ಮನುಷ್ಯರ ಅಂಕಿಗಳೊಂದಿಗೆ ಹೋಲಿಸಿ ಪ್ರಯೋಗ ತಪ್ಪಾಯಿತೆಂದು ತೀರ್ಮಾನಿಸಬೇಡಿ. ಕೋಳಿಯ ರಕ್ತಕಣಕ್ಕೆ ನ್ಯೂಕ್ಲಿಯಸ್ ಇದೆ. ಕಣ ಒಡೆದ ಮೇಲೂ ನ್ಯೂಕ್ಲಿಯಸ್‌ಗಳು ತೇಲುತ್ತ ದ್ರಾವಣ ಕಲಕಿದಂತೆಯೇ ಕಾಣುವುದರಿಂದ ಅಕ್ಷರ ಓದುವ ಪರೀಕ್ಷೆ ಅಲ್ಲಿ ನಡೆಯದು.

ಇವುಗಳ ಜೊತೆಗೆ ಒಂಬತ್ತನೆಯ ಟ್ಯೂಬ್ ಒಂದನ್ನು ಇಡಲೇಬೇಕು: 0.3 ಮೋಲಾರ್ ಯೂರಿಯಾ, ಅಂದರೆ 100 ಮಿಲಿಯಲ್ಲಿ 1.8 ಗ್ರಾಂ. ಕಾಗದದ ಲೆಕ್ಕದಲ್ಲಿ ಇದು 0.9 ಶೇಕಡಾ ಉಪ್ಪುನೀರಿಗೆ ಸಮ. 0.9 ಶೇಕಡಾ ಎಂದರೆ 0.154 ಮೋಲಾರ್, ಎರಡು ಅಯಾನುಗಳಾಗಿ ಒಡೆಯುವುದರಿಂದ ಸುಮಾರು 0.3. ಆದರೂ ಯೂರಿಯಾದಲ್ಲಿ ರಕ್ತ ನೋಡುನೋಡುತ್ತಿದ್ದಂತೆ ತಿಳಿಯಾಗುತ್ತದೆ. ಯೂರಿಯಾ ರಕ್ತಕಣದ ಪೊರೆಯನ್ನು ದಾಟಿ ಒಳಗೆ ಹೋಗುತ್ತದೆ, ಅದರ ಹಿಂದೆ ಅಕ್ವಾಪೋರಿನ್ ಎಂಬ ಪ್ರೋಟೀನ್ ದ್ವಾರಗಳ ಮೂಲಕ ನೀರೂ ನುಗ್ಗುತ್ತದೆ. ಆ ದ್ವಾರವನ್ನು ಇದೇ ರಕ್ತಕಣಗಳಲ್ಲಿ ಗುರುತಿಸಿದ ಪೀಟರ್ ಏಗ್ರೆಗೆ 2003ರ ರಸಾಯನಶಾಸ್ತ್ರ ನೊಬೆಲ್‌ನಲ್ಲಿ ಪಾಲು ಬಂತು. ಯಾವುದು ಐಸೊಟಾನಿಕ್ (ಕೋಶ ಉಬ್ಬದೆ, ಕುಗ್ಗದೆ ಉಳಿಯುವ ದ್ರಾವಣ) ಎಂಬುದನ್ನು ತೀರ್ಮಾನಿಸುವುದು ಕರಗಿದ ಕಣಗಳ ಎಣಿಕೆಯೊಂದೇ ಅಲ್ಲ, ಆ ಕಣ ಪೊರೆ ದಾಟುತ್ತದೆಯೇ ಎಂಬುದೂ ಮುಖ್ಯ.

ಸಸ್ಯ, ಪ್ರಾಣಿ ಎಂಬ ವಿಂಗಡಣೆ ಈ ವಿಷಯದ ಇತಿಹಾಸದಲ್ಲೂ ಇಲ್ಲ. ಸಸ್ಯಶಾಸ್ತ್ರಜ್ಞ ವಿಲ್‌ಹೆಲ್ಮ್ ಫೆಫರ್ 1877ರಲ್ಲಿ ಮಣ್ಣಿನ ಕುಡಿಕೆಯ ಗೋಡೆಯಲ್ಲಿ ತಾಮ್ರದ ಫೆರೋಸಯನೈಡ್ ಪೊರೆ ಕಟ್ಟಿಸಿ ಸಕ್ಕರೆ ದ್ರಾವಣದ ಒತ್ತಡ ಅಳೆದರು. ಆ ಅಂಕಿಗಳಿಂದಲೇ ವ್ಯಾಂಟ್ ಹಾಫ್ ಅಭಿಸರಣ ಒತ್ತಡದ ಸೂತ್ರ ಕಟ್ಟಿದರು, 1901ರಲ್ಲಿ ರಸಾಯನಶಾಸ್ತ್ರದ ಮೊದಲ ನೊಬೆಲ್ ಪಡೆದರು. ನಾವು ಬೀಟ್‌ರೂಟಿಗೂ ರಕ್ತಕ್ಕೂ ಬಳಸಿದ ಲೆಕ್ಕ ಅದೇ.

ಅದೇ ಲೆಕ್ಕ ಹೊಲಕ್ಕೂ ಹೊಂದುತ್ತದೆ. ತುಂಗಭದ್ರಾ, ಕೃಷ್ಣಾ ಅಚ್ಚುಕಟ್ಟಿನ ಸವಳು ಭೂಮಿಯಿಂದ ಬರುವ ವಿದ್ಯಾರ್ಥಿಗಳಿಗೆ ಮಣ್ಣುಪರೀಕ್ಷೆಯ ಚೀಟಿ ತರಲು ಹೇಳಿ. ಅದರಲ್ಲಿ ಮಣ್ಣಿನ ಸ್ಯಾಚುರೇಷನ್ ಸಾರದ (ಪೂರ್ತಿ ತೋಯಿಸಿದ ಮಣ್ಣಿನಿಂದ ತೆಗೆದ ನೀರಿನ) ವಿದ್ಯುದ್ವಾಹಕತೆ ಡೆಸಿಸೀಮೆನ್ಸ್ ಪ್ರತಿ ಮೀಟರ್‌ನಲ್ಲಿ ಇದ್ದರೆ 0.036ರಿಂದ ಗುಣಿಸಿ, ಮುಂದೆ ಋಣ ಚಿಹ್ನೆ ಹಾಕಿದರೆ ದ್ರಾವ್ಯ ವಿಭವ ಮೆಗಾಪ್ಯಾಸ್ಕಲ್‌ನಲ್ಲಿ ಸಿಗುತ್ತದೆ. 10 ಇದ್ದರೆ -0.36. ಮಣ್ಣು ಒಣಗಿ ನೀರು ಅರ್ಧಕ್ಕಿಳಿದರೆ ಉಪ್ಪು ಇಮ್ಮಡಿ ಗಟ್ಟಿಯಾಗಿ -0.72, ಇದರ ಜೊತೆಗೆ ಒಣಮಣ್ಣಿನ ಹಿಡಿತವೂ ಸೇರುತ್ತದೆ. ಬೇರಿನ ಕೋಶ ಇದಕ್ಕಿಂತ ಕೆಳಗಿನ ವಿಭವದಲ್ಲಿ ಇದ್ದರೆ ಮಾತ್ರ ನೀರು ಒಳಗೆ ಬಂದೀತು. ಹೊಲದಲ್ಲಿ ತೇವ ಕಾಣುತ್ತಿದ್ದರೂ ಬೆಳೆ ಬಾಡುವುದು ಯಾಕೆ ಎಂಬುದನ್ನು ಆ ಚೀಟಿಯ ಅಂಕಿಯಿಂದ ವಿದ್ಯಾರ್ಥಿಗಳೇ ಲೆಕ್ಕ ಹಾಕಿ ಹೇಳಬಲ್ಲರು.