ಅಸ್ವಾನ್ ಟಿಪ್ಪಣಿ: ಡ್ಯಾಮ್ ಬಿಟ್ಟು ಅಲ್ಲಿ ಇನ್ನೇನಿದೆ?

ಅಸ್ವಾನ್ ಅಂದರೆ ನಮಗೆಲ್ಲ ಗೊತ್ತಿರುವುದು ಡ್ಯಾಮ್ ಒಂದೇ. ಹೈಸ್ಕೂಲಿನಲ್ಲಿ ಒಂದು ಅಂಕದ ಪ್ರಶ್ನೆ, ಒಂದು ಪದದ ಉತ್ತರ, ಅಲ್ಲಿಗೆ ಮುಗಿಯಿತು. ನಾನೂ ಹಾಗೇ ಬಾಯಿಪಾಠ ಮಾಡಿದವಳೇ. ಈ ಸಲ ಪ್ರಾಚೀನ ನದಿತೀರದ ನಗರಗಳ ಪಾಠ ಓದುವಾಗ ನಕ್ಷೆ ಪಕ್ಕದಲ್ಲಿ ಇಟ್ಟುಕೊಂಡು ಕೂತೆ. ಆಗ ಹೊಳೆದಿದ್ದು ಇಷ್ಟು: ಈ ಊರಿನ ಭೂಗೋಳ, ವ್ಯಾಪಾರ, ಗುಡಿ, ಹಳೇ ಡ್ಯಾಮ್ ಎಲ್ಲದರ ಬುಡದಲ್ಲೂ ಒಂದೇ ವಸ್ತು ಇದೆ. ನೈಲ್ ನದಿಯ ನಡುವೆ ಎದ್ದು ನಿಂತ ಗ್ರಾನೈಟ್ ಬಂಡೆ. ಅದನ್ನು ಹಿಡಿದುಕೊಂಡರೆ ಉಳಿದದ್ದು ತಾನಾಗಿಯೇ ನೆನಪಿರುತ್ತದೆ.

ಮೊದಲು ಊರು ಎಲ್ಲಿದೆ ನೋಡೋಣ. ದಕ್ಷಿಣ ಈಜಿಪ್ಟ್, ನೈಲ್‌ನ ಪೂರ್ವ ದಡ, ಸುಮಾರು 24 ಡಿಗ್ರಿ ಉತ್ತರ ಅಕ್ಷಾಂಶ. ಈ ಭಾಗವನ್ನು ಮೇಲಿನ ಈಜಿಪ್ಟ್ ಅನ್ನುತ್ತಾರೆ. ನಕ್ಷೆಯಲ್ಲಿ ಕೆಳಗಿದ್ದರೂ ಮೇಲಿನದು! ನೈಲ್ ದಕ್ಷಿಣದಿಂದ ಉತ್ತರಕ್ಕೆ ಹರಿಯುತ್ತದಲ್ವಾ, ನೀರು ಬರುವ ಕಡೆ ಮೇಲು, ಹೋಗುವ ಕಡೆ ಕೆಳಗು. ಅಲ್ಲಿ ಗಾಳಿ ಹೆಚ್ಚಾಗಿ ಬೀಸುವುದು ಉತ್ತರದಿಂದ. ಹಾಗಾಗಿ ದಕ್ಷಿಣಕ್ಕೆ ಹೋಗುವ ದೋಣಿ ಹಾಯಿ ಬಿಚ್ಚಿದರೆ ಸಾಕು, ಉತ್ತರಕ್ಕೆ ವಾಪಸ್ ಬರುವಾಗ ಹರಿವೇ ತಳ್ಳಿಕೊಂಡು ಬರುತ್ತದೆ. ಹಳೇ ಈಜಿಪ್ಟಿನ ಚಿತ್ರಲಿಪಿಯಲ್ಲಿ ದಕ್ಷಿಣಕ್ಕೆ ಹೋಗುವುದು ಅನ್ನಲು ಹಾಯಿ ಏರಿಸಿದ ದೋಣಿ, ಉತ್ತರಕ್ಕೆ ಅನ್ನಲು ಹಾಯಿ ಇಳಿಸಿದ ದೋಣಿ. ಇದನ್ನು ಓದಿದ ಮೇಲೆ ನನಗೆ ನೈಲ್ ಹರಿಯುವ ದಿಕ್ಕು ಮರೆತೇ ಇಲ್ಲ.

ಈ ಸರಾಗ ಪ್ರಯಾಣ ನಿಲ್ಲುವುದು ಅಸ್ವಾನ್‌ನಲ್ಲಿ. ಖಾರ್ಟೂಮ್ ಮತ್ತು ಅಸ್ವಾನ್ ನಡುವೆ ನೈಲ್‌ಗೆ ಆರು ಕಡೆ ಬಂಡೆಗಳು ಅಡ್ಡ ಬರುತ್ತವೆ, ಲೆಕ್ಕ ಉತ್ತರದಿಂದ ಶುರು, ಅಸ್ವಾನ್‌ನದು ಒಂದನೆಯದು. ಕೆಲವು ಪುಸ್ತಕಗಳಲ್ಲಿ ಇದನ್ನು ಮೊದಲ ಜಲಪಾತ ಅಂತ ಬರೆಯುತ್ತಾರೆ, ಅದನ್ನು ಓದಿ ಜೋಗದ ಹಾಗೆ ಏನೋ ಧುಮುಕುತ್ತದೆ ಅಂದುಕೊಳ್ಳಬೇಡಿ. ನೀರು ಬೀಳುವುದಿಲ್ಲ. ಬಂಡೆಗಳ ಸಂದಿಯಲ್ಲಿ ನುಗ್ಗಿ, ಸುತ್ತಿ, ಹತ್ತಾರು ಕವಲಾಗಿ ಹರಿಯುತ್ತದೆ. ದೊಡ್ಡ ದೋಣಿಗೆ ದಾರಿಯಿಲ್ಲ. ಸರಕು ಇಳಿಸಿ, ದಡದ ಮೇಲೆ ಹೊತ್ತು, ಆಚೆ ಕಡೆ ಮತ್ತೆ ತುಂಬಬೇಕು. ಹೀಗೆ ಸರಕು ಇಳಿಯುವ ಕಡೆ ಸಂತೆ ಹುಟ್ಟಿತು, ಸುಂಕದವರು ಬಂದರು, ಗಡಿ ಕಾಯಲು ಸೈನಿಕರು ಬಂದರು. ಊರಿನ ಹಳೇ ಹೆಸರು ಸ್ವೆನೆಟ್. ಅದಕ್ಕೆ ವ್ಯಾಪಾರ ಅನ್ನುವ ಅರ್ಥ ಹೇಳುತ್ತಾರೆ. ಗ್ರೀಕರ ಬಾಯಲ್ಲಿ ಅದು ಸಯೀನ್ ಆಯಿತು, ಅರಬರ ಬಾಯಲ್ಲಿ ಅಸ್ವಾನ್. ಎದುರಿನ ಎಲಿಫೆಂಟೈನ್ ದ್ವೀಪದ ಹಳೇ ಹೆಸರು ಅಬು, ಅಂದರೆ ಆನೆ ಅಥವಾ ದಂತ. ದಕ್ಷಿಣದಿಂದ ಬರುತ್ತಿದ್ದ ದಂತ, ಚಿನ್ನ, ಕರಿಮರ, ಪ್ರಾಣಿಗಳ ಚರ್ಮ ಎಲ್ಲ ಇಲ್ಲಿ ಹಾದೇ ಹೋಗಬೇಕಿತ್ತು.

ಇನ್ನು ಹವೆ. ಬೇಸಿಗೆಯಲ್ಲಿ ಹಗಲಿನ ಸರಾಸರಿ 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಜನವರಿಯಲ್ಲಿ ಹಗಲು 23ರ ಆಸುಪಾಸು, ರಾತ್ರಿ 10ಕ್ಕಿಂತ ಕೆಳಗೂ ಇಳಿಯಬಹುದು. ವರ್ಷದ ಮಳೆ ಸರಾಸರಿ 1 ಮಿ.ಮೀ. ಹೌದು, ಒಂದೇ. ಅದೂ ಪ್ರತಿವರ್ಷ ಬರುವುದಿಲ್ಲ. ಹಲವು ವರ್ಷ ಏನೂ ಇಲ್ಲ, ಒಂದು ದಿನ ಸುರಿದು ಹೋಗುತ್ತದೆ, ಅದನ್ನು ಹಂಚಿದಾಗ 1 ಮಿ.ಮೀ.

ಕಾರಣ ಬರೆಯುವಾಗ ಬಹಳ ಜನ ಎಡವುತ್ತಾರೆ. "ಕರ್ಕಾಟಕ ಸಂಕ್ರಾಂತಿ ವೃತ್ತದ ಹತ್ತಿರ, ಬಿಸಿಲು ಜಾಸ್ತಿ, ಅದಕ್ಕೇ ಮರುಭೂಮಿ" ಅಂತ ನಾನೂ ಬರೆದಿದ್ದೆ. ಹಾಗಾದರೆ ಅದೇ ವೃತ್ತದ ಹತ್ತಿರದ ಕೋಲ್ಕತ್ತಾ, ಢಾಕಾ ಯಾಕೆ ಒದ್ದೆಯಾಗಿವೆ? ಬಿಸಿಲು ಮರುಭೂಮಿ ಮಾಡುವುದಿಲ್ಲ, ಕೆಳಗಿಳಿಯುವ ಗಾಳಿ ಮಾಡುತ್ತದೆ. ಸಮಭಾಜಕದ ಬಳಿ ಮೇಲೇರಿದ ಗಾಳಿ ಅಲ್ಲೇ ಮಳೆ ಸುರಿಸಿ, ಒಣಗಿ, 20–30 ಡಿಗ್ರಿ ಅಕ್ಷಾಂಶದಲ್ಲಿ ಕೆಳಗಿಳಿಯುತ್ತದೆ. ಇಳಿಯುವಾಗ ಬಿಸಿಯಾಗುತ್ತದೆ, ಮೋಡ ಕಟ್ಟುವುದಿಲ್ಲ. ನಮ್ಮ ಉಪಖಂಡವನ್ನು ಮಾನ್ಸೂನ್ ಕಾಪಾಡಿದೆ. ಅಸ್ವಾನ್‌ಗೆ ಅಂಥ ಗಾಳಿಯಿಲ್ಲ, ಬರುವ ಉತ್ತರದ ಗಾಳಿಯೂ ನೂರಾರು ಕಿ.ಮೀ. ಒಣ ನೆಲ ದಾಟಿ ಬಂದದ್ದು.

ಮಳೆ ಬಾರದ ಊರಿಗೆ ಮಳೆ ಬಂದರೆ ಏನಾಗುತ್ತದೆ ಅನ್ನುವುದಕ್ಕೆ 2021ರ ನವೆಂಬರ್ ನೋಡಿ. ಆಲಿಕಲ್ಲು ಸಮೇತ ಜೋರು ಮಳೆ ಬಂತು, ಬಿಲಗಳಿಗೆ ನೀರು ನುಗ್ಗಿತು, ಚೇಳುಗಳೆಲ್ಲ ಹೊರಗೆ ಬಂದವು. ನೂರಾರು ಜನ ಚೇಳು ಕುಟುಕಿಸಿಕೊಂಡು ಆಸ್ಪತ್ರೆ ಸೇರಿದರು.

ಆದರೆ ಈ ಒಣ ಹವೆಯಿಂದ ಎರಡು ಒಳ್ಳೆಯ ಕೆಲಸ ಆಗಿವೆ. ಒಂದು, ಕಾಗದ ಉಳಿಯಿತು. ಕ್ರಿ.ಪೂ. 5ನೇ ಶತಮಾನದಲ್ಲಿ, ಪರ್ಷಿಯನ್ನರ ಆಡಳಿತದಲ್ಲಿ, ಎಲಿಫೆಂಟೈನ್‌ನಲ್ಲಿ ಯೆಹೂದಿ ಸೈನಿಕರ ಒಂದು ಕೇರಿಯೇ ಇತ್ತು. ಅವರ ಮದುವೆ ಕರಾರು, ಮನೆ ಪತ್ರ, ಸಾಲದ ಚೀಟಿ, ಎಲ್ಲ ಅರಾಮಿಕ್ ಭಾಷೆಯಲ್ಲಿ ಪಪೈರಸ್ (ಜೊಂಡಿನಿಂದ ಮಾಡಿದ ಹಳೇ ಕಾಗದ) ಮೇಲೆ ಸಿಕ್ಕಿವೆ. ರಾಜರ ಶಾಸನಕ್ಕಿಂತ ನನಗೆ ಇವೇ ಇಷ್ಟ, ಯಾರ ಗೋಡೆ ಯಾರ ಮನೆಗೆ ತಾಗುತ್ತದೆ ಅಂತೆಲ್ಲ ಬರೆದಿಟ್ಟಿದ್ದಾರೆ! ಇನ್ನೊಂದು, ಮಣ್ಣಿನ ಮನೆ. ಅಲ್ಲಿಯ ನೂಬಿಯನ್ (ನೂಬಿಯಾ ಅಂದರೆ ಅಸ್ವಾನ್‌ನಿಂದ ದಕ್ಷಿಣಕ್ಕೆ, ಸುಡಾನಿನೊಳಗೂ ಹಬ್ಬಿದ ನೈಲ್ ಸೀಮೆ) ಮೇಸ್ತ್ರಿಗಳು ಹಸಿ ಇಟ್ಟಿಗೆಯಲ್ಲಿ ಕಮಾನಿನ ಛಾವಣಿ ಕಟ್ಟುತ್ತಾರೆ, ಸೆಂಟ್ರಿಂಗ್ ಇಲ್ಲದೆ. ಮರ ಸಿಗದ ಊರು ನೋಡಿ. ಮೊದಲು ಹಿಂದಿನ ಗೋಡೆ ಎಬ್ಬಿಸುತ್ತಾರೆ. ಅದಕ್ಕೆ ಒರಗಿಸಿ ಓರೆಯಾಗಿ ಮೊದಲ ಸಾಲು ಇಟ್ಟಿಗೆ ಕೂರಿಸುತ್ತಾರೆ. ಮುಂದಿನ ಸಾಲು ಆ ಸಾಲಿಗೆ ಒರಗುತ್ತದೆ, ಹಾಗೇ ಕಮಾನು ಮುಂದಕ್ಕೆ ಬೆಳೆಯುತ್ತದೆ.

ಈಗ ಪರೀಕ್ಷೆಗೆ ಜಾಸ್ತಿ ಬರುವ ಎರಟೋಸ್ತನೀಸ್, ನೆರಳು ಅಳೆದು ಭೂಮಿಯ ಸುತ್ತಳತೆ ಲೆಕ್ಕ ಹಾಕಿದ ಗ್ರೀಕ್ ಪಂಡಿತ. ಕ್ರಿ.ಪೂ. 3ನೇ ಶತಮಾನ, ಅಲೆಕ್ಸಾಂಡ್ರಿಯಾದ ಗ್ರಂಥಾಲಯ ನೋಡಿಕೊಳ್ಳುತ್ತಿದ್ದವನು. ಜೂನ್ ಕೊನೆಯ ವಾರ ಹತ್ತಿರ ಬರುವಾಗ, ವರ್ಷದ ಅತಿ ದೊಡ್ಡ ಹಗಲಿನ ದಿನ, ಸಯೀನ್‌ನಲ್ಲಿ ನಡುಮಧ್ಯಾಹ್ನ ಸೂರ್ಯ ನೆತ್ತಿಯ ಮೇಲೆ, ಬಾವಿಯ ತಳದವರೆಗೂ ಬಿಸಿಲು. ಅದೇ ಹೊತ್ತಿಗೆ ಅಲೆಕ್ಸಾಂಡ್ರಿಯಾದಲ್ಲಿ ನೆರಳಿನ ಕೋನ 7.2 ಡಿಗ್ರಿ. 360ರಲ್ಲಿ ಅದು ಐವತ್ತನೇ ಒಂದು ಪಾಲು. ಎರಡೂ ಊರಿನ ನಡುವೆ 5,000 ಸ್ಟೇಡಿಯಾ (ಗ್ರೀಕರ ದೂರದ ಅಳತೆ, ಏಕವಚನ ಸ್ಟೇಡಿಯಂ) ಅಂದರೆ ಭೂಮಿಯ ಸುತ್ತಳತೆ 2,50,000 ಸ್ಟೇಡಿಯಾ. ಸುಂದರವಾದ ಲೆಕ್ಕ. ಆದರೆ "ತಪ್ಪು ಕೇವಲ ಒಂದು ಪರ್ಸೆಂಟ್" ಅಂತ ಕಣ್ಣುಮುಚ್ಚಿ ಬರೆಯಬೇಡಿ. ಒಂದು ಸ್ಟೇಡಿಯಂ ಎಷ್ಟು ಮೀಟರ್ ಅನ್ನುವುದರಲ್ಲೇ ಪಂಡಿತರಿಗೆ ಒಮ್ಮತವಿಲ್ಲ. ಜೊತೆಗೆ ಎರಡೂ ಊರು ಒಂದೇ ರೇಖಾಂಶದಲ್ಲಿಲ್ಲ, ಸುಮಾರು 3 ಡಿಗ್ರಿ ವ್ಯತ್ಯಾಸ.

ಸೂರ್ಯ ಸರಿಯಾಗಿ ನೆತ್ತಿಗೆ ಬರಲು ಊರು ಕರ್ಕಾಟಕ ಸಂಕ್ರಾಂತಿ ವೃತ್ತದ ಮೇಲಿರಬೇಕು, ಅಸ್ವಾನ್ ಸರಿಯಾಗಿ ಆ ವೃತ್ತದ ಮೇಲೂ ಇಲ್ಲ. ಭೂಮಿಯ ಓರೆ ನಿಧಾನಕ್ಕೆ ಬದಲಾಗುವುದರಿಂದ ವೃತ್ತ ದಕ್ಷಿಣಕ್ಕೆ ಸರಿಯುತ್ತಿದೆ, ಈಗ ಊರಿನಿಂದ 70 ಕಿ.ಮೀ. ದೂರದಲ್ಲಿದೆ. ಎರಟೋಸ್ತನೀಸನ ಕಾಲದಲ್ಲಿ ಸುಮಾರು 40 ಕಿ.ಮೀ. ಇತ್ತು. ಲೆಕ್ಕ ಹಾಕಿ ನೋಡಿದೆ: ಒಂದು ಮೀಟರ್ ಕೋಲು ನೆಟ್ಟರೆ ಆಗ ಆರೇಳು ಮಿ.ಮೀ. ನೆರಳು. ಕಣ್ಣಿಗೆ ಅದು ಇಲ್ಲವೆಂದೇ ಲೆಕ್ಕ.

ಇದನ್ನು ಕಣ್ಣಾರೆ ನೋಡಬೇಕೇ? ಈಜಿಪ್ಟಿಗೆ ಹೋಗಬೇಕಿಲ್ಲ. ಬೆಂಗಳೂರಿನಲ್ಲಿ ಏಪ್ರಿಲ್ 24ರ ಆಸುಪಾಸು ಮತ್ತು ಆಗಸ್ಟ್ 18ರ ಆಸುಪಾಸು ಶೂನ್ಯ ನೆರಳಿನ ದಿನ. ಏಪ್ರಿಲ್‌ನಲ್ಲಿ ಹನ್ನೆರಡೂಕಾಲು ದಾಟುವ ಹೊತ್ತಿಗೆ ತಾರಸಿಯಲ್ಲಿ ಒಂದು ಸ್ಟೀಲ್ ಲೋಟ ಇಡಿ. ನಾನು ಇಟ್ಟಿದ್ದೆ. ಐದು ನಿಮಿಷ ಮೊದಲು ಲೋಟದ ಬುಡದಲ್ಲಿ ಉಗುರಿನಷ್ಟು ನೆರಳಿತ್ತು, ಆಮೇಲೆ ಅದು ಒಳಗೆ ಸರಿದುಹೋಯಿತು. ಬಾವಿಯ ಕತೆ ಅವತ್ತು ನನಗೆ ಅರ್ಥವಾಯಿತು.

ಮಳೆಯಿಲ್ಲದಿದ್ದರೂ ನದಿಗೆ ಪ್ರವಾಹ ಬರುತ್ತಿತ್ತು. ಜೂನ್‌ನಿಂದ ಸೆಪ್ಟೆಂಬರ್, ನಮ್ಮ ಮಳೆಗಾಲದ ಹೊತ್ತಿಗೇ ಇಥಿಯೋಪಿಯಾದ ಬೆಟ್ಟಗಳಲ್ಲೂ ಮಳೆ. ಆ ನೀರು ಮೆಕ್ಕಲು ಮಣ್ಣಿನ ಸಮೇತ ಬರುತ್ತಿತ್ತು. ಅದನ್ನು ದೇಶದಲ್ಲಿ ಮೊದಲು ನೋಡುವ ಊರು ಅಸ್ವಾನ್. ಎಲಿಫೆಂಟೈನ್‌ನ ದಡದಲ್ಲಿ ನೈಲೋಮೀಟರ್ ಇದೆ. ಹೆಸರು ದೊಡ್ಡದು, ವಸ್ತು ಸರಳ: ನದಿಗೆ ಇಳಿಯುವ ಮೆಟ್ಟಿಲು, ಗೋಡೆಯಲ್ಲಿ ಮೊಳದ ಗುರುತು. ನೀರು ಎಷ್ಟನೇ ಗುರುತಿಗೆ ಬಂತು ಅನ್ನುವುದರ ಮೇಲೆ ಆ ವರ್ಷದ ಬೆಳೆಯ ಅಂದಾಜು, ಕಂದಾಯದ ಅಂದಾಜು. ಅಲ್ಲಿಯ ದೇವರು ಖ್ನುಮ್, ಟಗರಿನ ತಲೆಯವನು, ತಿಗರಿಯ ಮೇಲೆ ಮಣ್ಣಿನಿಂದ ಮನುಷ್ಯರನ್ನು ಮಾಡುವ ಕುಂಬಾರ. ಮೆಕ್ಕಲು ಬಂದಿಳಿಯುವ ಊರಿಗೆ ಕುಂಬಾರ ದೇವರು, ಸರಿಯಾಗಿದೆ.

ಕಲ್ಲಿನ ವಿಷಯಕ್ಕೆ ವಾಪಸ್. ಗೀಜಾದ ದೊಡ್ಡ ಪಿರಮಿಡ್ಡಿನ ಒಳಕೋಣೆಯ ಗ್ರಾನೈಟ್ ಇಲ್ಲಿಂದಲೇ ದೋಣಿಯಲ್ಲಿ ಹೋದದ್ದು. ಊರಿನ ಗಣಿಯಲ್ಲಿ ಒಂದು ಅಪೂರ್ಣ ಒಬೆಲಿಸ್ಕ್ (ಒಂದೇ ಕಲ್ಲಿನ ಚೂಪು ತುದಿಯ ಕಂಬ) ಇನ್ನೂ ಬಂಡೆಗೆ ಅಂಟಿಕೊಂಡು ಮಲಗಿದೆ. ಉದ್ದ ಸುಮಾರು 42 ಮೀಟರ್, ತೂಕ ಸಾವಿರ ಟನ್‌ಗಿಂತ ಜಾಸ್ತಿ. ರಾಣಿ ಹತ್ಶೆಪ್ಸುತ್ ಕಾಲದ್ದು ಅನ್ನುತ್ತಾರೆ. ತಾಮ್ರದ ಉಳಿಗೆ ಗ್ರಾನೈಟ್ ಬಗ್ಗುವುದಿಲ್ಲ, ಅದಕ್ಕೆ ಇನ್ನೂ ಗಟ್ಟಿಯಾದ ಡಾಲರೈಟ್ ಕಲ್ಲಿನ ಗುಂಡುಗಳಿಂದ ಕುಟ್ಟಿ ಕುಟ್ಟಿ ಪುಡಿ ಮಾಡಿ ತೆಗೆದಿದ್ದಾರೆ. ಸುತ್ತ ಒಬ್ಬ ಮನುಷ್ಯ ಕೂರುವಷ್ಟು ಅಗಲದ ಕಾಲುವೆ, ಅದರ ಗೋಡೆ ತಳದಲ್ಲಿ ಬಟ್ಟಲಿನಂಥ ತಗ್ಗುಗಳ ಸಾಲು. ಎಷ್ಟು ಆಳ ಆಯಿತು ಅಂತ ಗುರುತಿಸಿದ ಕೆಂಪು ಗೆರೆಗಳೂ ಸಿಕ್ಕಿವೆ. ಅಷ್ಟೆಲ್ಲ ಆದ ಮೇಲೆ ಕಲ್ಲು ಬಿರುಕುಬಿಟ್ಟಿತು. ಬಿಟ್ಟುಹೋದರು. ಇನ್ನೊಂದು ತಮಾಷೆ: ಸಯೀನ್ ಹೆಸರಿನಿಂದ ಸಯನೈಟ್ ಅನ್ನುವ ಶಿಲೆಗೆ ಹೆಸರು ಬಂತು, ಆದರೆ ಇಂದಿನ ವರ್ಗೀಕರಣದಲ್ಲಿ ಅಸ್ವಾನ್‌ನ ಕಲ್ಲು ಸಯನೈಟ್ ಅಲ್ಲ, ಗ್ರಾನೈಟ್. ಬಹು ಆಯ್ಕೆ ಪ್ರಶ್ನೆಯಲ್ಲಿ ಹುಷಾರು.

ಡ್ಯಾಮ್ ಒಂದಲ್ಲ, ಎರಡು. ಹಳೇದು 1902ರಲ್ಲಿ ಮುಗಿದದ್ದು, ಬಂಡೆಗಳ ಮೇಲೇ ಕಟ್ಟಿದ್ದು. ವಿನ್ಯಾಸ ಮಾಡಿದ ವಿಲಿಯಂ ವಿಲ್‌ಕಾಕ್ಸ್ ಹುಟ್ಟಿದ್ದು ಭಾರತದಲ್ಲಿ, ಓದಿದ್ದು ರೂರ್ಕಿಯಲ್ಲಿ. ಎತ್ತರದ ಡ್ಯಾಮ್ ಅದರಿಂದ ಕೆಲವು ಕಿ.ಮೀ. ಮೇಲೆ, ಅಂದರೆ ದಕ್ಷಿಣಕ್ಕೆ, ಕಟ್ಟಿದ್ದು 1960ರಿಂದ 1970, ಎತ್ತರ 111 ಮೀಟರ್. ಹಿಂದಿನ ನಾಸರ್ ಸರೋವರ ಸುಡಾನಿನೊಳಗಿನ ಭಾಗವೂ ಸೇರಿ 500 ಕಿ.ಮೀ. ಉದ್ದ. 130 ಘನ ಕಿ.ಮೀ.ಗೂ ಹೆಚ್ಚು ನೀರು ಹಿಡಿಯುತ್ತದೆ, ನಮ್ಮ ಲೆಕ್ಕದಲ್ಲಿ 4,600 ಟಿಎಂಸಿ ಆಸುಪಾಸು. ಕೆಆರ್‌ಎಸ್ 49 ಟಿಎಂಸಿ ಚಿಲ್ಲರೆ. ಬಿಸಿಲಿಗೆ ಆವಿಯಾಗಿ ಹೋಗುವುದೇ ವರ್ಷಕ್ಕೆ ಏಳು ಕೆಆರ್‌ಎಸ್‌ನಷ್ಟು! ಬರಗಾಲದ ಹೆದರಿಕೆ ತಪ್ಪಿತು, ಕರೆಂಟ್ ಬಂತು. ಮೆಕ್ಕಲು ಮಾತ್ರ ಡ್ಯಾಮ್ ಹಿಂದೆ ಹೂಳಾಗಿ ನಿಂತಿತು, ರೈತರು ರಸಗೊಬ್ಬರ ಕೊಳ್ಳಬೇಕಾಯಿತು.

ಮುಳುಗಿದ್ದು ನೂಬಿಯಾ. ಈಜಿಪ್ಟ್ ಕಡೆಯೇ ಸುಮಾರು 50,000 ನೂಬಿಯನ್ನರನ್ನು ಎಬ್ಬಿಸಿ ಕೋಮ್ ಒಂಬೋ ಕಡೆ ಸಾಗಿಸಿದರು. ನಮ್ಮ ಪುಸ್ತಕಗಳಲ್ಲಿ ಗುಡಿ ಎತ್ತಿ ಇಟ್ಟ ಸಾಹಸಕ್ಕೆ ಒಂದು ಪುಟ, ಇವರಿಗೆ ಒಂದು ಸಾಲು, ಅದೂ ಇದ್ದರೆ. ಯುನೆಸ್ಕೋ ಕರೆಗೆ ಹಲವು ದೇಶ ಕೈಜೋಡಿಸಿದವು. ಮುಳುಗುವ ಮೊದಲು ಉತ್ಖನನಕ್ಕೆ ಭಾರತದಿಂದಲೂ ಪುರಾತತ್ವಜ್ಞ ಬಿ.ಬಿ. ಲಾಲ್ ನೇತೃತ್ವದ ತಂಡ ಹೋಗಿತ್ತು. ಬಂಡೆಯಲ್ಲಿ ಕೊರೆದ ಅಬು ಸಿಂಬೆಲ್ ಗುಡಿ 1964ರಿಂದ 1968ರ ನಡುವೆ 65 ಮೀಟರ್ ಮೇಲೇರಿತು. ಫಿಲೇ ದ್ವೀಪದ ಐಸಿಸ್ ದೇವಿಯ ಗುಡಿಯನ್ನು 1970ರ ದಶಕದಲ್ಲಿ ಬಿಚ್ಚಿ, ಸುಮಾರು 40,000 ಕಲ್ಲಿನ ತುಂಡುಗಳನ್ನು ಪಕ್ಕದ ಅಗಿಲ್ಕಿಯಾ ದ್ವೀಪದಲ್ಲಿ ಮತ್ತೆ ಜೋಡಿಸಿದರು. ಕಾಲ ಹೇಳಬಹುದಾದ ಚಿತ್ರಲಿಪಿ ಬರಹಗಳಲ್ಲಿ ಕೊನೆಯದು, ಕ್ರಿ.ಶ. 394ರದ್ದು, ಈ ಗುಡಿಯಲ್ಲೇ ಇದೆ.

ನಕ್ಷೆ ಬಿಡಿಸುವವರಿಗೆ ಉತ್ತರದಿಂದ ದಕ್ಷಿಣಕ್ಕೆ ಕ್ರಮ: ಎಲಿಫೆಂಟೈನ್, ಹಳೇ ಡ್ಯಾಮ್, ಅಗಿಲ್ಕಿಯಾ, ಎತ್ತರದ ಡ್ಯಾಮ್, ಸರೋವರ, ಕೊನೆಗೆ ದೂರದಲ್ಲಿ ಅಬು ಸಿಂಬೆಲ್. ಫಿಲೇ ಗುಡಿ ಎರಡು ಡ್ಯಾಮ್‌ಗಳ ನಡುವೆ ಇದೆ, ನಾನು ಮೊದಲ ಸಲ ಅದನ್ನು ಸರೋವರದೊಳಗೆ ಗುರುತಿಸಿ ಅಂಕ ಕಳೆದುಕೊಂಡೆ.